ಕುಡಿಕೆಯೊಳಗಿನ ತಮ್ಮ

"ಗುರುಗಳೇ, ಪಾತ್ರಿಯೂ ಪ್ರೇತ ಬಿಡಿಸುತ್ತಾನೆ, ಮಂತ್ರವಾದಿಯೂ ಬಿಡಿಸುತ್ತಾನೆ. ಪಾತ್ರಿ ಅದನ್ನು ಮೈಮೇಲೆ ಬರಿಸಿಕೊಂಡು ನಡುಗುತ್ತಾನೆ, ಬೇಡಿಕೊಳ್ಳುತ್ತಾನೆ. ಮಂತ್ರವಾದಿ ನಿಂತಲ್ಲಿಂದಲೇ ಅಪ್ಪಣೆ ಮಾಡುತ್ತಾನೆ. ನನಗೆ ಅಪ್ಪಣೆ ಮಾಡುವ ವಿದ್ಯೆಯನ್ನೇ ಕಲಿಸಿ" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಬಾವಿ ತೋಡುವವನೊಬ್ಬನಿದ್ದ. ಒಂದು ದಿನ ಮಣ್ಣು ಕುಸಿದು, ಅಡಿಯಲ್ಲಿ ಅಗೆಯುತ್ತಿದ್ದ ಅವನ ತಮ್ಮ ಸಿಕ್ಕಿಕೊಂಡ. ಒಳಗಿನಿಂದ "ಅಣ್ಣಾ" ಎಂಬ ಕೂಗು ಬರುತ್ತಲೇ ಇತ್ತು. ಇಳಿದರೆ ಉಳಿದ ಮಣ್ಣೂ ಕುಸಿದೀತೆಂದು ಹೆದರಿ, ಕೂಗು ನಿಲ್ಲುವವರೆಗೆ ಅವನು ಮೇಲೆಯೇ ಕೂತಿದ್ದ. ಹೆದರಿದ್ದು ತಪ್ಪಲ್ಲ, ಜೀವ ಯಾರಿಗೆ ಬೇಡ? ಆದರೆ ಊರಿಗೆ ಬಂದು, ತಮ್ಮ ಕೂಗಲೂ ಇಲ್ಲ, ಒಮ್ಮೆಲೇ ಹೋಗಿಬಿಟ್ಟ ಎಂದ. ತಮ್ಮನ ಹೆಂಡತಿಗೂ ಅದನ್ನೇ ಹೇಳಿದ.

ವರ್ಷ ತುಂಬುವ ಮೊದಲೇ ಅವನ ಮಗಳು ಊಟ ಬಿಟ್ಟಳು. ತುತ್ತು ಬಾಯಿಗಿಟ್ಟರೆ "ಮಣ್ಣು, ಮಣ್ಣು" ಎಂದು ಉಗುಳುತ್ತಿದ್ದಳು. ಮಗಳೆಂದರೆ ಅವನಿಗೆ ಪ್ರಾಣ. ಪಾತ್ರಿಯನ್ನು ಕರೆಸಿದ. ಪಾತ್ರಿ ಅವಳನ್ನು ಹಿಡಿದಿದ್ದ ಪ್ರೇತವನ್ನು ತನ್ನ ಮೈಮೇಲೆ ಬರಿಸಿಕೊಂಡು, ಉಸಿರುಗಟ್ಟಿ ನೆಲದಲ್ಲಿ ಹೊರಳಾಡಿದ. ನೆರೆದವರೆಲ್ಲರ ಎದುರು ತಮ್ಮನ ದನಿ ಬಂತು:

"ಅಣ್ಣಾ, ನಾನು ಕೂಗಿದ್ದು ಕೇಳಿಸಿತ್ತು ಅಂತ ಒಂದು ಮಾತು ಹೇಳು. ಹೋಗುತ್ತೇನೆ."

ತಮ್ಮನ ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಪಾತ್ರಿಯನ್ನು ಸುಳ್ಳನೆಂದು ಬೈದು ಹೊರಗಟ್ಟಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಮರುದಿನ ಮಂತ್ರವಾದಿ ಬಂದ. ಯಾರ ಪ್ರೇತ, ಯಾಕೆ ಬಂತು ಎಂದು ಅವನು ಕೇಳಲಿಲ್ಲ. ಅಪ್ಪಣೆ ಮಾಡಿ ಅದನ್ನು ಕುಡಿಕೆಯೊಳಗೆ ಎಳೆದ, ಮೇಲೆ ಮೇಣ ಮೆತ್ತಿದ, ಆಳದಲ್ಲಿ ಹೂಳು ಎಂದ. ಬಾವಿ ತೋಡುವವನಿಗೆ ಆಳ ತೋಡುವುದನ್ನು ಹೇಳಿಕೊಡಬೇಕೇ? ತಮ್ಮನನ್ನು ಅವನು ತನ್ನ ಕೈಯಾರೆ ಮತ್ತೆ ಮಣ್ಣು ಮಾಡಿದ. ಮಗಳು ಅಂದೇ ಉಂಡಳು.

ಆಮೇಲೆ ಅನ್ನ ಸೇರದಾದದ್ದು ಅವನಿಗೆ. ಸಂಕಟ ತಡೆಯಲಾರದೆ ಮಂತ್ರವಾದಿಯ ಕಾಲು ಹಿಡಿದು, ಕುಡಿಕೆ ತೆಗೆದು ತಮ್ಮನನ್ನು ಬಿಡಿಸಿಕೊಡಿ ಎಂದ.

"ಕಟ್ಟುವುದಷ್ಟೇ ನನಗೆ ಗೊತ್ತು. ಒಡೆದರೆ ಅದು ಮತ್ತೆ ನಿನ್ನ ಮಗಳಿಗೇ ಬರುತ್ತದೆ. ಈ ಸಲ ಬರೀ ಮಾತಿಗೆ ಬಿಡುವುದಿಲ್ಲ."

ಅವನು ಹೂಳಿದ ಜಾಗಕ್ಕೆ ಹೋಗಿ ನೆಲಕ್ಕೆ ಬಾಯಿಟ್ಟು, "ಕೇಳಿಸಿತ್ತು ತಮ್ಮಾ, ಕೇಳಿಸಿತ್ತು" ಎಂದ. ಸಾಯುವವರೆಗೂ ಹೋಗಿ ಹೇಳುತ್ತಿದ್ದ. ಉತ್ತರ ಬರಲಿಲ್ಲ.

ಗುರು ಕಥೆ ಮುಗಿಸಿದರು. ಶಿಷ್ಯ, "ಆದರೂ ಮಗಳು ಉಳಿದಳಲ್ಲ, ಗುರುಗಳೇ?" ಎಂದ.

"ಉಳಿದಳು. ನಿನಗೆ ಯಾರ ಬಾಯಿ ಮುಚ್ಚಿಸಬೇಕಾಗಿದೆ, ಮಗೂ?"