ಗಾಡಿಯಿಂದ ಬಿಟ್ಟ ಬಾಣ

"ಗುರುಗಳೇ, ಕೆರೆಯ ಏರಿಯ ಮೇಲೆ ಗಾಡಿ ಹೊಡೆಯಬಾರದೆಂದು ಮಠದಲ್ಲಿ ಕಟ್ಟಳೆಯಿದೆ. ಈ ದಿನ ಏರಿಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಹೊಡೆದುಕೊಂಡು ಬಂದೆ. ಯಾರಿಗೂ ಕೆಡುಕಾಗಲಿಲ್ಲ. ಆದರೂ ಇದು ತಪ್ಪೇ?" ಎಂದು ಶಿಷ್ಯ ಚೆನ್ನಮಲ್ಲ ಕೇಳಿದ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಕಾಡಂಚಿನ ಊರಿನಲ್ಲಿ ಒಬ್ಬ ಬೇಟೆಗಾರನಿದ್ದ. ಅಲ್ಲಿ ಬಿಲ್ಲು ಹಿಡಿದು ಬೇಟೆಯಾಡಲು ಅರಸನ ಅಪ್ಪಣೆಯಿತ್ತು. ಆದರೆ ಗಾಡಿಯ ಮೇಲೆ ಕೂತು ಬಾಣ ಬಿಡುವಂತಿಲ್ಲ, ಗಾಡಿದಾರಿಯ ಹತ್ತಿರ ಬಿಲ್ಲು ಎತ್ತುವಂತಿಲ್ಲ. ಬೇಟೆ ಬೇಕಾದವನು ಗಾಡಿ ಬಿಟ್ಟು ಕಾಡಿನೊಳಕ್ಕೆ ನಡೆದು ಹೋಗಬೇಕು.

ಬೇಟೆಗಾರನಿಗೆ ವಯಸ್ಸಾಗುತ್ತಾ ಬಂತು. ನಡೆದರೆ ಮಂಡಿ ನೋಯುತ್ತಿತ್ತು. ಕಾಡಿನ ಪ್ರಾಣಿಗಳು ಮನುಷ್ಯನ ಹೆಜ್ಜೆಯ ಸದ್ದಿಗೆ ಓಡುತ್ತಿದ್ದವು, ಗಾಡಿಯ ಸದ್ದಿಗೆ ಓಡುತ್ತಿರಲಿಲ್ಲ. ಗಾಡಿಯಿಂದ ಅವಕ್ಕೆ ಎಂದೂ ತೊಂದರೆಯಾಗಿರಲಿಲ್ಲ. ಇದನ್ನು ಕಂಡ ಬೇಟೆಗಾರ ಗಾಡಿಯಲ್ಲೇ ಬಿಲ್ಲು ಇಟ್ಟುಕೊಂಡ. ಕೂತಲ್ಲಿಂದಲೇ ಜಿಂಕೆ ಹೊಡೆದ, ಹಂದಿ ಹೊಡೆದ.

ಒಮ್ಮೆ ಕಾಡಿನ ಕಾವಲುಗಾರ ಅವನನ್ನು ತಡೆದ. "ಗಾಡಿಯಿಂದ ಬಾಣ ಬಿಡಬಾರದಪ್ಪಾ."

"ಯಾಕೆ?"

"ಯಾಕೆಂದು ನನಗೂ ಗೊತ್ತಿಲ್ಲ. ನಮ್ಮ ತಾತನ ಕಾಲದಿಂದ ಇದೆ."

"ದಾರಿ ಬರಿದಾಗಿರುವಾಗಲೇ ಹೊಡೆಯುತ್ತೇನೆ. ಇವತ್ತಿನವರೆಗೆ ಒಬ್ಬರಿಗಾದರೂ ತಾಗಿದೆಯೇ?" ಎಂದು ಬೇಟೆಗಾರ ನಕ್ಕ. ಕಾವಲುಗಾರ ಪಕ್ಕಕ್ಕೆ ಸರಿದು ಗಾಡಿಗೆ ದಾರಿ ಬಿಟ್ಟ.

ಒಂದು ದಿನ ದಾರಿಯ ಪಕ್ಕದಲ್ಲೇ ಕಾಡುಕೋಣವೊಂದು ಮೇಯುತ್ತಿತ್ತು. ಗಾಡಿ ಹತ್ತಿರ ಬಂದರೂ ತಲೆಯೆತ್ತಲಿಲ್ಲ. ಬೇಟೆಗಾರ ಬಾಣ ಬಿಡುವ ಹೊತ್ತಿಗೆ ಎತ್ತುಗಳು ಮಿಸುಕಿ ಗಾಡಿ ಅಲುಗಿತು. ಬಾಣ ಹೆಗಲಿಗೆ ನೆಟ್ಟಿತು, ಕೋಣ ಬೀಳಲಿಲ್ಲ. ಗಾಡಿಯನ್ನೊಮ್ಮೆ ನೋಡಿ ಕಾಡಿಗೆ ನುಗ್ಗಿತು. ಎಲ್ಲೋ ಹೋಗಿ ಸಾಯುತ್ತದೆ ಎಂದುಕೊಂಡು ಅವನು ಮನೆಗೆ ಬಂದ.

ಕೆಲವು ದಿನಗಳ ಮೇಲೆ ಅವನ ಮಗಳು ಗಂಡನ ಮನೆಯಿಂದ ತವರಿಗೆ ಹೊರಟಳು. ಮಧ್ಯಾಹ್ನಕ್ಕೆ ಬರಬೇಕಾದವಳು ಬರಲಿಲ್ಲ. ಅವಳನ್ನು ಕರೆತರುತ್ತಿದ್ದ ಗಾಡಿಯವನು ಒಬ್ಬನೇ, ಕೈ ಮುರಿದುಕೊಂಡು, ನಡೆದು ಬಂದು ಅಂಗಳದಲ್ಲಿ ಕುಸಿದ.

"ಯಜಮಾನರೇ, ಕಾಡುಕೋಣ ಗಾಡಿಯ ಮೇಲೆ ಬಿತ್ತು. ಗಾಡಿ ಮಗುಚಿತು. ಅಕ್ಕ ಗಾಡಿಯಡಿಗೆ ಸಿಕ್ಕಿಬಿಟ್ಟರು. ನಾನು ಎಳೆಯುವುದರೊಳಗೆ ಉಸಿರು ನಿಂತಿತ್ತು."

ಬೇಟೆಗಾರನಿಗೆ ಕೇಳಿದ್ದು ತಲೆಗೆ ಹೋಗಲಿಲ್ಲ. ಮಗಳು ಇನ್ನೂ ಹಿಂದೆ ಬರುತ್ತಿರಬಹುದೆಂಬಂತೆ ದಾರಿಯನ್ನೇ ನೋಡಿದ.

"ಚಿಕ್ಕಂದಿನಿಂದ ಈ ದಾರಿಯಲ್ಲಿ ಗಾಡಿ ಹೊಡೆದಿದ್ದೇನೆ. ಕೋಣಗಳು ಪಕ್ಕದಲ್ಲಿ ತಮ್ಮ ಪಾಡಿಗೆ ಮೇಯುತ್ತಿರುತ್ತಿದ್ದವು. ಅದಕ್ಕೇ ಅದನ್ನು ಕಂಡರೂ ನಾನು ನಿಲ್ಲಿಸಲಿಲ್ಲ. ಅದರ ಹೆಗಲಲ್ಲಿ ಮುರಿದ ಬಾಣವಿತ್ತು. ಗಾಡಿ ಕಂಡದ್ದೇ ತಡ, ಎರಗಿತು. ಗಾಡಿ ಅದಕ್ಕೇನು ಮಾಡಿತ್ತು?" ಎಂದು ಗಾಡಿಯವನು ಅತ್ತ.

ಬೇಟೆಗಾರನ ಕಣ್ಣು ತನ್ನ ಗಾಡಿಯಲ್ಲಿದ್ದ ಬಿಲ್ಲಿನ ಕಡೆ ಹೊರಳಿತು. ಆಮೇಲೆ ಮಗಳ ಹೆಣದ ಮುಂದೆ ಹೆಂಡತಿಯೂ ಅದನ್ನೇ ಕೇಳಿದಳು. ಬಾಣ ತನ್ನದೆಂದು ಅವಳಿಗೂ ಅವನು ಹೇಳಲಾರದೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನಮಲ್ಲನ ಮುಖ ಬಿಳಿಚಿಕೊಂಡಿತ್ತು.

"ಆ ದಾರಿಯಲ್ಲಿ ತನ್ನ ಮಗಳೇ ಬರುತ್ತಾಳೆಂದು ಗೊತ್ತಿದ್ದರೆ ಅವನು ಬಿಲ್ಲು ಮುಟ್ಟುತ್ತಿರಲಿಲ್ಲ, ಗುರುಗಳೇ" ಎಂದ.

"ಬರುವವರು ಯಾರೆಂದು ಮೊದಲೇ ಗೊತ್ತಾಗುವಂತಿದ್ದರೆ ಕಟ್ಟಳೆಯೇ ಬೇಕಿರಲಿಲ್ಲ" ಎಂದರು ಗುರುಗಳು.