ಪೆಟ್ಟು ತಪ್ಪಿಸಿಕೊಂಡ ಬಿಳಿ ಫ್ರೇಮು

“ಮೇಸ್ತ್ರಿಗಳೇ, ಬಣ್ಣ ಬೆರೆಸಿದರೆ ಪಿಸ್ತೂಲಿನ ಪ್ಲಾಸ್ಟಿಕ್ ಫ್ರೇಮಿನ ಬಲ ಕುಗ್ಗುತ್ತದೆಯೇ?”

ಕಾರ್ಖಾನೆಯ ಎದುರಿನ ಚಹಾದಂಗಡಿಯಲ್ಲಿ ಫಕೀರೇಶ ಹೀಗೆ ಕೇಳಿದ. ಅವನಿಗೆ ಅಚ್ಚಿನ ಕೆಲಸ ಕಲಿಸಿದ ಹಾಲಪ್ಪ ಮೇಸ್ತ್ರಿ ಬಸಿಯಲ್ಲಿದ್ದ ಚಹಾವನ್ನು ಊದಿ ಕುಡಿದರು.

“ಯಾರನ್ನು ಕೇಳುತ್ತಿದ್ದೀ ಗೊತ್ತೇನೋ? ಜಗತ್ತಿನ ಮೊಟ್ಟಮೊದಲ ಪ್ಲಾಸ್ಟಿಕ್ ಪಿಸ್ತೂಲಿಗೆ ಅಚ್ಚು ಕೊರೆದವನನ್ನು! ಅದನ್ನು ಒಯ್ಯಲು ಆನೆ ಕಳಿಸಿದ್ದರು.” ಒಂದು ಗುಟುಕು ಕುಡಿದು, “ಸುಳ್ಳು. ನಾನು ಮೊದಲು ಮಾಡಿದ್ದು ಬಚ್ಚಲಿನ ಚೊಂಬು. ಅದೂ ಸೋರುತ್ತಿತ್ತು. ಈಗ ಹೇಳುವುದು ಮಾತ್ರ ನಿಜ. ಬಹುಪಾಲು” ಎಂದರು.

ಫಕೀರೇಶನಿಗೆ ನಗು ಬರಲಿಲ್ಲ. ಗುರಿ ಹೊಡೆಯುವ ಸ್ಪರ್ಧೆಯ ಪಿಸ್ತೂಲುಗಳಿಗಾಗಿ ಮಾಡಿದ ಕೆಂಪು ಫ್ರೇಮುಗಳು, ಅಂದರೆ ಹಿಡಿಕೆ ಸೇರಿದ ಒಡಲುಗಳು, ಪೆಟ್ಟಿಗೆ ಸೇರಿ ಕೂತಿದ್ದವು. ಸಂಜೆ ಲಾರಿ ಬರುವುದಿತ್ತು. ಕರಿ ಫ್ರೇಮು ಪರೀಕ್ಷೆಯಲ್ಲಿ ಗೆದ್ದಿದೆ, ಕೆಂಪಿಗೆ ಮತ್ತೆ ಪರೀಕ್ಷೆ ಏತಕ್ಕೆ, ಬಣ್ಣವೆಂದರೆ ಅಂಗಿ ಬದಲಿಸಿದಂತೆ ಎಂದು ಮಾಲೀಕರು ಹೇಳಿದ್ದರು. ಆದರೂ ಪರೀಕ್ಷೆಯ ಹೊಣೆ ಹೊತ್ತ ಫಕೀರೇಶ ಹೂಂ ಎನ್ನದೆ ಪೆಟ್ಟಿಗೆ ಹೊರಡುವಂತಿರಲಿಲ್ಲ.

ಮೇಸ್ತ್ರಿ ಕತೆ ಶುರುಮಾಡಿದರು.

ಒಬ್ಬ ಅಚ್ಚುಗಾರನಿದ್ದ. ಪಿಸ್ತೂಲಿನ ಫ್ರೇಮು ಮಾಡುವುದು ಅವನ ಕಸುಬು. ಅವನ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಹೊಸದಾಗಿ ಕಲಸಿದ ಪ್ಲಾಸ್ಟಿಕ್ಕಿನಿಂದ ಬಂದ ಮೊದಲ ಫ್ರೇಮನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಅದು ಒಡೆದರೆ ಉಳಿದವೆಲ್ಲ ಮತ್ತೆ ಕುಲುಮೆಗೆ. ತಾಳಿಕೊಂಡರೆ ಮಾತ್ರ ಉಳಿದವು ಬಾಗಿಲು ದಾಟುತ್ತವೆ.

ಅವನು ಕರಿಯದನ್ನಷ್ಟೇ ಮಾಡುತ್ತಿದ್ದ. ಕರಿಯದು ಯಾವಾಗಲೂ ತಾಳುತ್ತಿತ್ತು.

ಅವನ ಮಗಳು ಪಿಸ್ತೂಲಿನಿಂದ ಗುರಿ ಹೊಡೆಯುವವಳು. ದೊಡ್ಡ ಸ್ಪರ್ಧೆ ಹತ್ತಿರ ಬಂದಾಗ ತನಗೆ ಬಿಳಿ ಪಿಸ್ತೂಲೇ ಬೇಕೆಂದಳು. ಅವನು ಬಿಳಿ ಪುಡಿ ತಂದು ಧಾರಾಳವಾಗಿ ಕಲಸಿದ. ಅಚ್ಚು ತೆರೆದಾಗ ಒಳಗಿನದು ಆಗಷ್ಟೇ ಕಟ್ಟಿದ ಬೆಣ್ಣೆಯ ಮುದ್ದೆಯಂತಿತ್ತು. ಅಂಥದ್ದನ್ನು ಅವನು ಹುಟ್ಟಿದಾಗಿನಿಂದ ಮಾಡಿರಲಿಲ್ಲ. ಅಡಿಗಲ್ಲಿನ ಮೇಲಿಟ್ಟ. ಸುತ್ತಿಗೆ ಎತ್ತಿದ. ಇಳಿಸಿದ. ಅಚ್ಚು ಅದೇ, ಪ್ಲಾಸ್ಟಿಕ್ಕೂ ಅದೇ, ಇದಕ್ಕೆ ಬದಲು ಕರಿಯದನ್ನು ಹೊಡೆದರೆ ಕಟ್ಟಳೆ ಉಳಿದಂತೆಯೇ ಆಯಿತಲ್ಲ ಎಂದುಕೊಂಡ. ಕರಿಯದನ್ನು ಹೊಡೆದ. ಅದು ತಾಳಿತು. ಅವನು ನೆಮ್ಮದಿಯಿಂದ ಬಿಳಿಯದನ್ನು ಒರೆಸಿ ಗೂಡಿನಲ್ಲಿಟ್ಟ.

ಮಗಳು ಬಂದಳು. ಫ್ರೇಮನ್ನು ಕೈಯಲ್ಲಿ ತಿರುಗಿಸಿ ನೋಡಿದಳು.

“ಅಪ್ಪಾ, ಇದರದ್ದು ಸುತ್ತಿಗೆಯ ಶಾಸ್ತ್ರ ಆಯಿತೇನು?”

“ಆಯಿತವ್ವಾ.”

“ಯಾವುದಕ್ಕೆ ಹೊಡೆದೆ?”

“ಕರಿಯದಕ್ಕೆ.”

“ನಾನು ಕಣ್ಣೆದುರು ಹಿಡಿದು ಗುಂಡು ಹಾರಿಸುವುದು ಯಾವುದನ್ನು?”

ಮಗಳು ಬಿಳಿಯದನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯನ್ನು ಅವನ ಕೈಗೆ ಕೊಟ್ಟಳು. ಅವನು ಕಣ್ಣು ಮುಚ್ಚಿ ಹೊಡೆದ. ಫ್ರೇಮು ಹಪ್ಪಳದಂತೆ ಮುರಿಯಿತು.

ಅಚ್ಚುಗಾರ ಚೂರುಗಳನ್ನು ಬೆಳಕಿಗೆ ಹಿಡಿದ. ಆ ಪ್ಲಾಸ್ಟಿಕ್ಕಿಗೆ ಬಲ ಬರಲೆಂದು ಗಾಜಿನ ಸಣ್ಣ ಎಳೆಗಳನ್ನು ಸೇರಿಸಿರುತ್ತಾರೆ. ಬಿಳಿ ಪುಡಿಯ ಗಡುಸು ಕಣಗಳು ಕಲಸುವಾಗಲೇ ಆ ಎಳೆಗಳನ್ನು ಉಜ್ಜಿ ತುಂಡರಿಸಿದ್ದವು. ಅವನು ಸೊಂಟಕ್ಕೆ ಪಂಚೆ ಬಿಗಿದ. ಪುಡಿ ಕಡಿಮೆ ಮಾಡಿದ, ಹೊಡೆದ, ಒಡೆಯಿತು. ಬೇರೆ ಪುಡಿ ತಂದ, ಹದವಾಗಿ ಕಲಸಿದ, ಹೊಡೆದ, ಬಿರುಕು ಬಿಟ್ಟಿತು. ಮಗಳು ಪಕ್ಕದಲ್ಲೇ ನಿಂತಿದ್ದಳು, ಬೇಡ ಬಿಡು ಎನ್ನಲಿಲ್ಲ. ಅವನೂ ಬಿಡಲಿಲ್ಲ. ಕಡೆಗೆ ಮಾಸಲು ಕೆನೆಬಣ್ಣದ ಒಂದು ಫ್ರೇಮು ಬಂತು. ನೋಡಲು ಅಷ್ಟಕ್ಕಷ್ಟೆ. ಸುತ್ತಿಗೆ ಅದರ ಮೇಲೆ ಬಿದ್ದು ಪುಟಿಯಿತು. ಅದರ ಬೆನ್ನಿಗೆ ಅಚ್ಚಿನಿಂದ ಬಂದದ್ದನ್ನು ಮಗಳು ಸ್ಪರ್ಧೆಗೆ ಒಯ್ದಳು.

ಮೇಸ್ತ್ರಿ ಬಸಿ ಕೆಳಗಿಟ್ಟರು.

“ಅವಳು ಗೆದ್ದಳೇ?” ಫಕೀರೇಶ ಕೇಳಿದ.

“ಗೆಲ್ಲಲಿಲ್ಲ. ಆದರೆ ಎರಡೂ ಕೈ ನೆಟ್ಟಗೆ ಮನೆಗೆ ಬಂದವು.”

“ಹಾಗಾದರೆ ಬಣ್ಣ ಬಲ ಕುಗ್ಗಿಸುತ್ತದೆ ಎಂದೇ ಲೆಕ್ಕವೇ?”

“ಒಂದೊಂದು ಬಣ್ಣ ಏನೂ ಮಾಡುವುದಿಲ್ಲ, ಒಂದೊಂದು ಕುಗ್ಗಿಸುತ್ತದೆ, ಆದರೆ ಆ ಬಿಳಿ ಎಲ್ಲಕ್ಕಿಂತ ಮೊದಲು ಕುಗ್ಗಿಸಿದ್ದು ಸುತ್ತಿಗೆ ಹಿಡಿದ ಕೈಯನ್ನು.”

ಫಕೀರೇಶ ಕಾರ್ಖಾನೆಯ ಬಾಗಿಲಿನತ್ತ ನೋಡಿದ. ಎದ್ದು, ಅಂಗಿಯ ತೋಳು ಮಡಿಸುತ್ತಾ ರಸ್ತೆಗಿಳಿದ.

“ಏಯ್ ಫಕೀರಾ,” ಮೇಸ್ತ್ರಿ ಹಿಂದಿನಿಂದ ಕೂಗಿದರು, “ಕೆಂಪನ್ನು ಆಮೇಲೆ ಒಡೆಯುವೆಯಂತೆ, ಮೊದಲು ನನ್ನ ಚಹಾದ ದುಡ್ಡು ಕೊಟ್ಟು ಹೋಗೋ!”