ಕೋಟೆ ಬಾಗಿಲ ಬೊಮ್ಮವ್ವ

ಒಂದಾನೊಂದು ಕಾಲದಲ್ಲಿ ಒಂದು ಊರಿತ್ತಂತೆ. ಊರಿಗೊಬ್ಬ ದೊರೆ, ಕೋಟೆಗೊಂದೇ ಬಾಗಿಲು. ಬಾಗಿಲು ಕಾಯುವವನು ಕಾಟಯ್ಯ. ಅವನ ಹೆಂಡತಿ ಬೊಮ್ಮವ್ವ.

ಒಂದು ದಿನ ನಡುಮಧ್ಯಾಹ್ನ. ಬೊಮ್ಮವ್ವ ಹೊರಗಿನ ಕೆರೆಗೆ ನೀರಿಗೆ ಹೋಗಿದ್ದಳು. ನೋಡ್ತಾಳೆ, ವೈರಿಯ ಕುದುರೆಗಳು. ಓಡಿದಳು, ಓಡಿದಳು. ಕುದುರೆಗಳು ಬೆನ್ನಿಗೇ ಬಂದವು. ತಾನು ಒಳಗೆ ಹೊಕ್ಕರೆ ಅವೂ ಹೊಗುತ್ತವೆ. ಅಲ್ಲೇ ನಿಂತು ಕೂಗಿದಳಂತೆ: “ಅಗುಳಿ ಹಾಕ್ರೀ! ನನ್ನ ಕಾಯಬೇಡ್ರೀ!”

ಕಾಟಯ್ಯ ಅಗುಳಿ ಹಾಕಿದ.

ಊರು ಉಳಿಯಿತು. ವೈರಿ ಬಂದ ದಾರಿ ಹಿಡಿದ. ಮರುವರ್ಷ ಅದೇ ದಿನ, ಅದೇ ಹೊತ್ತಿಗೆ, ದೊರೆ ಬಾಗಿಲು ಮುಚ್ಚಿಸಿ, ಹೂ ಕಟ್ಟಿಸಿ, ಗೆಲುವಿನ ನಗಾರಿ ಹೊಡೆಸಿದ. ಜನ ಕುಣಿದರು.

ಆಗ ಬಾಗಿಲ ಆಚೆಯಿಂದ ಕೂಗು ಬಂತು. “ಅಗುಳಿ ಹಾಕ್ರೀ!”

ಕಾಟಯ್ಯ ಬಾಗಿಲಿಗೆ ಕಿವಿ ಹಚ್ಚಿದ. ಬೊಮ್ಮವ್ವನದೇ ದನಿ. ಕುಣಿಯುವವರಿಗೆ ಕೇಳಿಸಲಿಲ್ಲ. ಕೂಗಿನ ಹಿಂದೆ ಗೊರಸಿನ ಸದ್ದು. ಆಮೇಲೆ ಏನೂ ಇಲ್ಲ. ಅದರ ಮರುವರ್ಷವೂ ನಗಾರಿ, ಅದರ ಮರುವರ್ಷವೂ ಕೂಗು. ನಗಾರಿ ಕೇಳಿ, ಯುದ್ಧ ಮತ್ತೆ ಬಂತು ಅಂತ ಅವಳು ಓಡಿ ಬರುತ್ತಾಳೆ, ಮತ್ತೆ ಸಾಯುತ್ತಾಳೆ. ಅವನಿಗೆ ಗೊತ್ತಾಯಿತು.

ದೊರೆಯ ಹತ್ತಿರ ಹೋದ. “ನನ್ನೊಡೆಯಾ, ನಗಾರಿ ಬೇಡ. ಅವಳು ಹೆದರ್ತಾಳೆ.”

“ಹೆದರೋದು ಅವಳಾ, ನೀನಾ?” ದೊರೆ ನಕ್ಕ. “ಅವಳಿಂದ ಗೆದ್ವಿ ಕಣೋ ಕಾಟ. ಗೆದ್ದ ದಿನ ಊರೆಲ್ಲ ನಿನ್ನ ಹಾಗೆ ಮೂಗು ಸೋರಿಸಿಕೊಂಡು ಕೂರಬೇಕಾ?”

“ಅದೆಲ್ಲ ನಂಗೆ ತಿಳಿಯಲ್ಲ ದೊರೆ. ಗೆದ್ದಿದ್ದು ಅವಳಿಗೆ ಯಾರೂ ಹೇಳಿಲ್ಲ.”

ಹೇಳುವುದಾದರೆ ತಾನೇ ಹೇಳಬೇಕು. ಹೇಳಿದರೆ ಅವಳು ಹೋಗಿಬಿಡುತ್ತಾಳೆ, ಆ ಕೂಗೂ ಇರುವುದಿಲ್ಲ. ವರ್ಷವೆಲ್ಲ ಹೆದರಿದನಂತೆ.

ಮತ್ತೆ ನಗಾರಿ ಬಿತ್ತು. ಕೂಗು ಬಂತು. ಕಾಟಯ್ಯ ಅಗುಳಿ ಎಳೆದು ಬಾಗಿಲು ತೆಗೆದ.

ಉರಿಬಿಸಿಲಲ್ಲಿ ಬೊಮ್ಮವ್ವ ನಿಂತಿದ್ದಳು. ಊರೆಲ್ಲ ನೋಡಿತು. ನಗಾರಿಯವನ ಕೈ ನಿಂತಿತು. ದೊರೆ ಕಂಬ ಹಿಡಿದುಕೊಂಡ.

“ಅಯ್ಯೋ, ಯಾಕ್ರೀ ತೆಗೆದ್ರಿ? ಬಂದ್ರು ಅವರು!”

“ಯಾರೂ ಬರಲ್ಲ ಕಣೆ. ಅವರು ಆವತ್ತೇ ಹೋದ್ರು. ಊರು ಉಳೀತು.”

“ಉಳೀತಾ?” ಅವಳ ಮುಖ ಅರಳಿತು. “ಹಂಗಾದ್ರೆ ಒಳಗೆ ಬರ್ಲಾ?”

ಕಾಟಯ್ಯ ಹೊಸ್ತಿಲಿಗೆ ಬಂದು ನಿಂತ.

“ನೀನು ಉಳೀಲಿಲ್ಲ ಕಣೆ.”

ಅವಳು ತನ್ನ ಕೈ ನೋಡಿಕೊಂಡಳು. ಗಂಡನ ಮುಖ ನೋಡಿದಳು. “ಅದಕ್ಕೇ ಇಷ್ಟು ಸೊರಗಿದೀರಾ,” ಅಂದಳು. ಓಡಲಿಲ್ಲ. ಬಿಸಿಲಲ್ಲಿ ಬಿಸಿಲಾಗಿ ಹೋದಳಂತೆ.

ದೊರೆ ನಗಾರಿ ಇಳಿಸಿದ. ಅಂದಿನಿಂದ ಆ ದಿನ ಬಾಗಿಲು ತೆರೆದೇ ಇರುತ್ತದೆ. ಒಬ್ಬೊಬ್ಬರೂ ಹೊಸ್ತಿಲಿಗೆ ಬಂದು ಹೇಳಬೇಕು: “ಊರು ಉಳೀತವ್ವ. ನೀನು ಉಳೀಲಿಲ್ಲ.” ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವ ಹಾಗಿಲ್ಲ. ದೊರೆಯೂ ಹೇಳಿದ. ಕಾಟಯ್ಯ ಮಾತ್ರ ಏನೂ ಹೇಳದೆ ಹೊರಗೆ ಬಿಸಿಲಲ್ಲಿ ಕೂತಿರುತ್ತಿದ್ದನಂತೆ.

ಅವರ ಬಾಗಿಲು ಅಲ್ಲಿ ತೆರೆದಿರಲಿ, ನಮ್ಮ ಕಥೆ ಇಲ್ಲಿಗೆ ಮುಚ್ಚಿತು.